ಮಳೆಯೂರಿನ ಸೂಜಿದಾರ

ಮೇ ತಿಂಗಳ ಕೊನೆಯ ವಾರ ಮಂಗಳೂರಿನಲ್ಲಿ ಎರಡು ಸದ್ದುಗಳು ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಒಂದು ಹೆಂಚಿನ ಮೇಲೆ ಬೀಳುವ ಮಳೆಯದು. ಇನ್ನೊಂದು ಹೊಲಿಗೆ ಯಂತ್ರದ್ದು. ಶಾಲೆ ಬಾಗಿಲು ತೆರೆಯಲು ನಾಲ್ಕೇ ದಿನ. ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಗುವಿನ ರಟ್ಟೆ ಹಿಡಿದ ತಾಯಂದಿರ ನೂಕುನುಗ್ಗಲು. ಓಣಿಯೊಳಗಿನ ಟೈಲರ್ ಕತ್ತೆತ್ತಿ ನೋಡುವುದಿಲ್ಲ. "ಶುಕ್ರವಾರ ಬನ್ನಿ" ಎಂದರೆ ಅದು ಯಾವ ಶುಕ್ರವಾರ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ!

ಬೋಳಾರದಲ್ಲಿ, ನೇತ್ರಾವತಿಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ, ಒಂದು ಹೆಂಚಿನ ಮನೆ. ಅಜ್ಜಿ, ಅಪ್ಪ, ಅಮ್ಮ, ಒಂಬತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ. ಚಾವಡಿಯ ಕಿಟಕಿಯ ಬಳಿ ಕಾಲಲ್ಲಿ ತುಳಿಯುವ ಹಳೆಯ ಯಂತ್ರ. ಅಪ್ಪ ಟ್ರಾಲ್ ಬೋಟಿನ ಕೆಲಸಗಾರ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ, ನಿಷೇಧ ಬೇಕಾದದ್ದೇ. ಆದರೆ ಪುಸ್ತಕ, ಫೀಸು, ಕೊಡೆ, ಚಪ್ಪಲಿ ಎಲ್ಲ ಬರುವುದೂ ಅದೇ ಜೂನಿನಲ್ಲಿ. ಆ ಎರಡು ತಿಂಗಳು ಮನೆಯ ಖರ್ಚು ಬಹುಪಾಲು ನಡೆಯುವುದು ಅಮ್ಮನ ಯಂತ್ರದ ಮೇಲೆ. ನೆರೆಕರೆಯ ಮಕ್ಕಳ ಯೂನಿಫಾರ್ಮ್, ರವಿಕೆ, ಸೀರೆಗೆ ಫಾಲ್ಸು, ಕುಚ್ಚು.

ಕೆಲಸಕ್ಕೆ ಪ್ರತ್ಯೇಕ ಹೊತ್ತು ಎಂಬುದಿಲ್ಲ. ಗಂಜಿ ಬೇಯುವಾಗ ಒಂದು ತೋಳು, ಮಗನ ಮಗ್ಗಿ ಒಪ್ಪಿಸಿಕೊಳ್ಳುತ್ತ ಕಾಜಾ, ಕರೆಂಟು ಹೋದರೆ ಕೈಹೊಲಿಗೆ. ಹೀಗಿದ್ದ ಮೇಲೆ ಎಡವಟ್ಟು ಆಗದಿರುತ್ತದೆಯೇ? ಒಮ್ಮೆ ಒಂದೇ ಅಂಗಿಗೆ ಎರಡೂ ಎಡತೋಳುಗಳೇ ಕತ್ತರಿಸಿಹೋದವು. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕತ್ತರಿಸಿದ್ದರೆ ಎಡ ಬಲ ತಾನೇ ಬರುತ್ತಿತ್ತು. ಅವಸರದಲ್ಲಿ ಒಂದೊಂದಾಗಿ ಕತ್ತರಿಸಿದ್ದರಿಂದ ಹಾಗಾಯಿತು. ಇನ್ನೊಮ್ಮೆ ಹತ್ತಿ ಬಟ್ಟೆಯನ್ನು ನೀರಲ್ಲಿ ನೆನೆಸದೆ ಹೊಲಿದದ್ದಕ್ಕೆ ಮೊದಲ ಒಗೆತದಲ್ಲೇ ಲಂಗ ಮೊಣಕಾಲು ಬಿಟ್ಟು ಮೇಲೇರಿತು. ಮಗ್ಗದಲ್ಲಿ ಬಿಗಿಯಾಗಿ ಎಳೆಸಿಕೊಂಡ ನೂಲು ನೀರು ಕಂಡೊಡನೆ ತನ್ನ ಮೊದಲಿನ ಉದ್ದಕ್ಕೆ ಹಿಂತಿರುಗುತ್ತದೆ. ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿ ಎಂಬ ನಿಯಮ ಇರುವುದು ಅದಕ್ಕೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಲ್ಲಿ "ಒಣಗಿಸಿ" ಎನ್ನುವುದು ಹೇಳುವಷ್ಟು ಸುಲಭವಲ್ಲ, ಅಷ್ಟೆ. ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿದರೆ ಬಟ್ಟೆಗೆ ಹೊಗೆಯ ವಾಸನೆ; ಕಟ್ಟದಿದ್ದರೆ ಬೂಷ್ಟು.

ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಮೂರು ಬೆರಳು ಹೆಚ್ಚು ಬಟ್ಟೆ ಮಡಚಿ ಬಿಡುವುದು ಇಲ್ಲಿಯ ಅಮ್ಮಂದಿರ ಹಳೆಯ ಲೆಕ್ಕ. ಮರುವರ್ಷ ಹೊಲಿಗೆ ಬಿಚ್ಚಿ ಉದ್ದ ಮಾಡಿದಾಗ, ಬಿಸಿಲು ಕಾಣದ ಆ ಮೂರು ಬೆರಳಿನ ಪಟ್ಟಿ ಗಾಢವಾಗಿ ಎದ್ದು ಕಾಣುತ್ತದೆ. ಶಾಲೆಯ ಸಾಲಿನಲ್ಲಿ ನಿಂತ ಮಗುವಿಗೆ ಅದೊಂದು ದೊಡ್ಡ ಸಂಕಟ. ಅಕ್ಕಪಕ್ಕ ನೋಡಿದರೆ ಅರ್ಧ ತರಗತಿಯ ಬಟ್ಟೆಯಲ್ಲೂ ಅದೇ ಪಟ್ಟಿ ಇರುತ್ತಿತ್ತು ಎಂಬುದು ಬೇರೆ ಮಾತು. ಈಗ ಅನೇಕ ಶಾಲೆಗಳ ಸಮವಸ್ತ್ರ ಸಿದ್ಧ ಉಡುಪಾಗಿಯೇ ಬರುತ್ತದೆ. ಅವುಗಳ ಒಳಮಡಿಕೆ ಒಂದು ಬೆರಳಿಗಿಂತ ಹೆಚ್ಚಿರುವುದು ಅಪರೂಪ. ಬಿಚ್ಚಿದರೂ ಏನೂ ಸಿಗುವುದಿಲ್ಲ.

ಈಗಿನ ಮಕ್ಕಳ ಅಜ್ಜಂದಿರು ಶಾಲೆಗೆ ಹೋದದ್ದು ಖಾಕಿ ಚಡ್ಡಿಯಲ್ಲಿ. ಆ ಖಾಕಿಯ ಒಂದು ಕತೆ ಇದೇ ಊರಿನ ಬಲ್ಮಠದಲ್ಲಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡವರು ಕುಲಕಸುಬು, ಬಂಧುಬಳಗ ಎರಡನ್ನೂ ಕಳೆದುಕೊಂಡಾಗ ಅವರಿಗೆ ಅನ್ನದ ದಾರಿ ಬೇಕಾಯಿತು. ನೇಯ್ಗೆ, ಮುದ್ರಣ, ಹೆಂಚು ಹೀಗೆ ಒಂದೊಂದೇ ಉದ್ಯಮ ಎದ್ದಿತು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಯ್ಗೆ ಬಲ್ಲ ಮಿಷನರಿ ಇಲ್ಲಿ ಸುಧಾರಿತ ಮಗ್ಗ ಹೂಡಿದರು. ಮರದ ತೊಗಟೆಯಿಂದ ಖಾಕಿ ಬಣ್ಣ ತೆಗೆದವರು ಅವರೇ ಎಂದು ಊರು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆದರೆ 1840ರ ದಶಕದಲ್ಲೇ ಪೇಶಾವರದ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಉಡುಪು ತೊಟ್ಟಿತ್ತು. ಆದ್ದರಿಂದ ಖಾಕಿ ಹುಟ್ಟಿದ್ದೇ ಇಲ್ಲಿ ಎಂದರೆ ಸ್ವಲ್ಪ ಹೆಚ್ಚಾದೀತು. ತೊಳೆದರೂ ಹೋಗದ ಖಾಕಿ ಬಟ್ಟೆಗೆ ಬಲ್ಮಠ ಹೆಸರಾಗಿತ್ತು ಎಂದರೆ ಸಾಕು. ಕುತೂಹಲವೆಂದರೆ, ಅದೇ 1851ರಲ್ಲಿ ಅಮೆರಿಕದಲ್ಲಿ ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಬೋಳಾರದ ಮನೆಯ ಯಂತ್ರದಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಕೈ ಹಿಡಿದುಕೊಳ್ಳುವ ರೀತಿ ಇಂದಿಗೂ ಆ ಕಾಲದ್ದೇ.

ಅಜ್ಜಿಗೆ ಯಂತ್ರ ಸೇರುವುದಿಲ್ಲ. ಅವರದು ಕ್ರೋಶಾ. ಮಂಗಳೂರಿಗೆ 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಬಂದ ಮೇಲೆ ಹೆಣ್ಣುಮಕ್ಕಳ ಕಾನ್ವೆಂಟ್ ಶಾಲೆಗಳು ಬೆಳೆದವು. ಅಂಥ ಶಾಲೆಗಳಲ್ಲಿ ಸೂಜಿಕೆಲಸವೂ ಒಂದು ಪಾಠವಾಗಿತ್ತು. ಅಲ್ಲಿ ಕಲಿತ ಕ್ರೋಶಾ ಜಾತಿಮತ ನೋಡದೆ ಎಲ್ಲ ಮನೆಗಳ ರೇಡಿಯೋ ಮೇಲೆ, ಆಮೇಲೆ ಟಿ.ವಿ. ಮೇಲೆ ಹಾಸಿಕೊಂಡಿತು. ಈ ಕಲೆಯ ಹಿಂದೆ ಹಸಿವಿನ ಕತೆಯೂ ಇದೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಬಟಾಟೆ ಬೆಳೆಗೆ ರೋಗ ತಗಲಿ ಘೋರ ಕ್ಷಾಮ ಬಂದಾಗ ಅಲ್ಲಿಯ ಸಾವಿರಾರು ಕುಟುಂಬಗಳನ್ನು ಬದುಕಿಸಿದ್ದು ಹೆಂಗಸರು ಹೆಣೆದ ಕ್ರೋಶಾ ಲೇಸು. ನಮ್ಮಲ್ಲೇ ಆಂಧ್ರದ ನರಸಾಪುರದ ಹೆಂಗಸರು ಮಿಷನರಿಗಳಿಂದ ಕಲಿತು ಹೆಣೆಯುತ್ತ ಬಂದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸ್ವೆಟರ್ ಹೆಣೆಯಲು ಯಂತ್ರ ಬಂದಿದೆ. ನಿಜವಾದ ಕ್ರೋಶಾ ಮಾತ್ರ ಇಂದಿಗೂ ಒಂದು ಕೊಕ್ಕೆಯ ಕಡ್ಡಿ ಮತ್ತು ಐದು ಬೆರಳಿನ ಕೆಲಸ.

ಕಳೆದ ಬೇಸಿಗೆ ರಜೆಯಲ್ಲಿ ಮಗಳು ಅಜ್ಜಿಯ ಬಳಿ ಕುಳಿತು ಮೇಜಿಗೊಂದು ದುಂಡಗಿನ ಹಾಸು ಹೆಣೆಯತೊಡಗಿದಳು. ನಾಲ್ಕು ಸುತ್ತಾಗುವಷ್ಟರಲ್ಲಿ ಅದರ ಅಂಚು ಮೇಲೆದ್ದು ಬೋಗುಣಿಯಾಯಿತು.

"ಎಂತ ಮಾರಾಯ್ತಿ, ಇದು ಮೇಜಿಗೆ ಹಾಸುವುದಾ, ತಲೆಗೆ ಹಾಕುವುದಾ?" ಎಂದರು ಅಜ್ಜಿ.

ಬಿಚ್ಚಿ ಮತ್ತೆ ಹೆಣೆದಳು. ಈ ಸಲ ಗಂಟುಗಳನ್ನು ಧಾರಾಳವಾಗಿ ಹೆಚ್ಚಿಸಿದ್ದರಿಂದ ಅಂಚೆಲ್ಲ ನೆರಿಗೆ ನೆರಿಗೆಯಾಗಿ, ಹಾಸು ಎಲೆಕೋಸಿನಂತೆ ಮುದುರಿ ಕುಳಿತಿತು. ಆಗ ಅಜ್ಜಿ ತಮಗೆ ಗೊತ್ತಿದ್ದ ಸೂತ್ರ ಹೇಳಿದರು: ಆರು ಗಂಟಿನಿಂದ ಶುರು, ಪ್ರತಿ ಸುತ್ತಿಗೂ ಆರು ಹೆಚ್ಚು. ಯಾಕೆ ಆರು ಎಂದರೆ ಅಜ್ಜಿಗೆ ಗೊತ್ತಿಲ್ಲ. "ಸಿಸ್ಟರ್ ಹೇಳಿದ್ದು" ಅಷ್ಟೆ. ಉತ್ತರ ಸಿಕ್ಕಿದ್ದು ಮಗಳ ಗಣಿತ ಪುಸ್ತಕದಲ್ಲಿ. ವೃತ್ತದ ತ್ರಿಜ್ಯ ಒಂದು ಅಳತೆ ಬೆಳೆದರೆ ಸುತ್ತಳತೆ ಎರಡು ಪೈ, ಅಂದರೆ ಸುಮಾರು 6.28 ಅಳತೆ ಬೆಳೆಯಬೇಕು. ಈ ಸಣ್ಣ ಗಂಟಿನ ಅಗಲ, ಎತ್ತರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸುತ್ತಿಗೆ ಆರು. ಕಡಿಮೆಯಾದರೆ ಟೋಪಿ, ಹೆಚ್ಚಾದರೆ ಎಲೆಕೋಸು!

ಆ ಎಲೆಕೋಸನ್ನೂ ಹಗುರವಾಗಿ ಕಾಣಬೇಕಾಗಿಲ್ಲ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಎಂಬ ಲಾಟ್ವಿಯಾ ಮೂಲದ ಗಣಿತಜ್ಞೆ ಬೇಕೆಂದೇ ಗಂಟುಗಳನ್ನು ಒಂದೇ ಅನುಪಾತದಲ್ಲಿ ಹೆಚ್ಚಿಸುತ್ತ ಇಂಥದೇ ನೆರಿಗೆಯ ಹಾಸು ಹೆಣೆದರು. ಹೈಪರ್ಬೋಲಿಕ್ ಸಮತಲ ಎಂಬ, ಯೂಕ್ಲಿಡನ ನಿಯಮಕ್ಕೆ ಒಗ್ಗದ ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಡಲು ಅವರು ಹೂಡಿದ ಉಪಾಯ ಅದು. ಕಾಗದದ ಮಾದರಿಗಳು ಹರಿದುಹೋಗುತ್ತಿದ್ದವು, ಕ್ರೋಶಾ ಉಳಿಯಿತು. ಕಡಲಿನ ಹವಳದ ಅಂಚಿನಲ್ಲೂ ಇದೇ ಆಕಾರ ಕಾಣುತ್ತದೆ. ಬೋಳಾರದ ಎಲೆಕೋಸು ಈಗ ಬಿಸಿಪಾತ್ರೆ ಹಿಡಿಯುವ ಬಟ್ಟೆಯಾಗಿದೆ.

ಹಾಸು ಕೈಗೆ ಹತ್ತಿದ ಮೇಲೆ ಮಗಳಿಗೆ ಕುಚ್ಚಿನ ಮೇಲೆ ಕಣ್ಣು ಬಿತ್ತು. ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಸುವುದು ಕರ್ನಾಟಕದ ಮದುವೆ ಮನೆಗಳಲ್ಲಿ ಈಗ ಎಲ್ಲೆಲ್ಲೂ ಇದೆ. ವಿನ್ಯಾಸ ನೋಡಿ ಕೆಲವು ನೂರು ರೂಪಾಯಿಯಿಂದ ಸಾವಿರ ದಾಟುವವರೆಗೂ ಮಜೂರಿ. ಓಣಿಯ ಆಚೆಬದಿಯ ನಿವೃತ್ತ ಟೀಚರ್ ಮಗಳ ನಿಶ್ಚಿತಾರ್ಥಕ್ಕೆಂದು ಕೆನೆಬಣ್ಣದ ರೇಷ್ಮೆ ಸೀರೆ ಕೊಟ್ಟಿದ್ದರು. ಅಮ್ಮನಿಗೆ ಯೂನಿಫಾರ್ಮುಗಳ ರಾಶಿ. "ನಾನು ಹಾಕ್ತೇನೆ" ಎಂದಳು ಮಗಳು. ಕೆಂಪು ದಾರದಲ್ಲಿ ಅರ್ಧ ಸೆರಗು ಚೆನ್ನಾಗಿಯೇ ಮೂಡಿತು. ರಾತ್ರಿ ಸೀರೆಯನ್ನು ಕಿಟಕಿಯ ಬಳಿಯೇ ಬಿಟ್ಟು ಮಲಗಿದಳು. ಗಾಳಿಮಳೆಯ ಎರಚಲು ಒಳಗೆ ಬಂತು. ಬೆಳಿಗ್ಗೆ ನೋಡಿದರೆ ದಾರದ ಕೆಂಪು ಇಳಿದು ಕೆನೆಬಣ್ಣದ ಅಂಚಿನಲ್ಲಿ ಗುಲಾಬಿ ಕಲೆಗಳ ಸಾಲು.

ಮುಂದಿನದು ಇನ್ನೂ ದೊಡ್ಡ ಎಡವಟ್ಟು. ಹಿಂದಿನ ವರ್ಷ ಅಜ್ಜಿಯ ಬಿಳಿ ಲೇಸಿನಲ್ಲಿ ಮರೆತ ಗುಂಡುಸೂಜಿ ಮಳೆಗಾಲದಲ್ಲಿ ತುಕ್ಕು ಹಿಡಿದು ಕಂದು ಕಲೆ ಬಿಟ್ಟಿತ್ತು. ಅಜ್ಜಿ ಹಿತ್ತಲಿನ ಬಿಂಬುಳಿ ಕಾಯಿ ಜಜ್ಜಿ ಉಜ್ಜಿದಾಗ ಕಲೆ ಮಾಯವಾದದ್ದನ್ನು ಮಗಳು ಕಂಡಿದ್ದಳು. ಯಾರಿಗೂ ಹೇಳದೆ ಸೀರೆಗೂ ಬಿಂಬುಳಿ ಉಜ್ಜಿದಳು. ಬಿಂಬುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗಿಸಿ ಒಯ್ಯುತ್ತದೆ. ದಾರದ ಬಣ್ಣದಲ್ಲಿ ಅದಕ್ಕೆ ಹಿಡಿಯಲು ಕಬ್ಬಿಣವೆಲ್ಲಿದೆ? ಗುಲಾಬಿ ಕಲೆ ಇನ್ನಷ್ಟು ಹರಡಿತು, ಉಜ್ಜಿದ ಕಡೆ ರೇಷ್ಮೆಯ ಹೊಳಪೂ ಹೋಯಿತು. ನಿಶ್ಚಿತಾರ್ಥಕ್ಕೆ ಉಳಿದದ್ದು ಮೂರು ದಿನ.

ಅಮ್ಮ ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ ಎಂಬುದೇ ಸರಿ. ಸೀರೆಯನ್ನು ಮಡಚಿ, ಮಗಳನ್ನೂ ಕರೆದುಕೊಂಡು, ಮಳೆಯಲ್ಲೇ ಓಣಿ ದಾಟಿದರು.

"ಟೀಚರೇ, ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಸೀರೆಗೆ ಕಲೆ ಆಗಿದೆ."

ಟೀಚರ್ ಸೆರಗನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಅವರ ಮುಖ ಸಪ್ಪಗಾದದ್ದು ನಿಜ. ಕೊನೆಗೆ, "ಎಷ್ಟು ಕತ್ತರಿಸಬೇಕಾದೀತು?" ಎಂದು ಕೇಳಿದರು. ಅಮ್ಮ ಟೇಪು ಇಟ್ಟರು. ಮೂರು ಇಂಚು. ಸೆರಗಿನ ತುದಿಯ ಜರಿಗೆರೆ ಎರಡರಲ್ಲಿ ಒಂದು ಹೋಗುತ್ತದೆ, ಒಂದು ಉಳಿಯುತ್ತದೆ. "ಮಾಡಿ" ಎಂದರು ಟೀಚರ್, ಬಾಗಿಲವರೆಗೆ ಬರಲಿಲ್ಲ.

ಆ ಎರಡು ರಾತ್ರಿ ಅಮ್ಮ ಅಂಚು ಮಡಚಿ ಹೊಲಿದರು, ಅಜ್ಜಿ ಕುಚ್ಚು ಹಾಕಿದರು. ಮಗಳ ಕೆಲಸ ದಾರ ಸುತ್ತಿ ಕೊಡುವುದಷ್ಟೇ. ಮಜೂರಿ ತೆಗೆದುಕೊಳ್ಳಲಿಲ್ಲ. ಆ ವಾರ ಮಗನ ಹೊಸ ಚಪ್ಪಲಿ ಮುಂದಕ್ಕೆ ಹೋಯಿತು. ನಿಶ್ಚಿತಾರ್ಥದ ಹುಡುಗಿ ಅದೇ ಸೀರೆ ಉಟ್ಟಳು. ಜುಲೈವರೆಗೂ ಟೀಚರ್ ಮನೆಯಿಂದ ಬೇರೆ ಬಟ್ಟೆ ಬರಲಿಲ್ಲ.

ಬಂದರಿನ ದಕ್ಕೆಗೆ ಆ ಮನೆಯಿಂದ ಬಹಳ ದೂರವಿಲ್ಲ. ಮಳೆಗಾಲದಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ತಗಡಿನ ಮಾಡಿನ ಕೆಳಗೆ ಗಂಡಸರು ಗುಡ್ಡೆ ಹಾಕಿದ ಬಲೆಯ ನಡುವೆ ಕುಳಿತು ಹರಿದ ಕಣ್ಣುಗಳನ್ನು ಕಟ್ಟುತ್ತಾರೆ. ಹೊಲಿಗೆ ಹೆಂಗಸರ ಕೆಲಸ ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ನೋಡಬೇಕು. ಚಪ್ಪಟೆ ಸೂಜಿಗೆ ನೂಲು ಸುತ್ತಿಕೊಂಡು, ಅಳತೆಯ ಪಟ್ಟಿಯೊಂದರ ಮೇಲೆ ನೂಲು ಹಾಯಿಸಿ ಗಂಟು ಬಿಗಿದರೆ ಪ್ರತಿ ಕಣ್ಣೂ ಒಂದೇ ಗಾತ್ರ. ಕಣ್ಣು ದೊಡ್ಡದಾದಲ್ಲಿ ಮೀನು ನುಸುಳುತ್ತದೆ. ತೀರ ಸಣ್ಣದಾದರೆ ಮರಿಗಳೂ ಸಿಕ್ಕಿ ಸಾಯುತ್ತವೆ.

ಒಂದು ಭಾನುವಾರ ಅಪ್ಪನಿಗೆ ಬುತ್ತಿ ಒಯ್ದ ಮಗಳು ಅಲ್ಲೇ ಕುಳಿತಳು. ಅವಳ ಚೀಲದಲ್ಲಿ ಅರ್ಧ ಹೆಣೆದ ಲೇಸಿನ ಪಟ್ಟಿಯಿತ್ತು. ಅಪ್ಪ ಅದನ್ನು ಹಿಗ್ಗಿಸಿ ನೋಡಿ, "ನಿನ್ನ ಕಣ್ಣು ಒಂದೊಂದು ಒಂದೊಂದು ಥರ ಉಂಟಲ್ಲ" ಎಂದರು. ಹಳೆಯ ಪ್ಲಾಸ್ಟಿಕ್ ಅಡಿಪಟ್ಟಿಯಿಂದ ಬೆರಳಗಲದ ತುಂಡೊಂದನ್ನು ಕತ್ತರಿಸಿ, ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ ಕೊಟ್ಟರು. ಸರಪಳಿಯ ಕುಣಿಕೆಗಳನ್ನು ಅದರ ಮೇಲೆ ಹಾಯಿಸಿದರೆ ಎಲ್ಲವೂ ಸಮ. ಅಜ್ಜಿಯ ಸಿಸ್ಟರ್ ಇದನ್ನು ಹೇಳಿಕೊಟ್ಟಿರಲಿಲ್ಲ.

ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದವು. ಅಷ್ಟಮಿಯ ಹಿಂದಿನ ವಾರ, ರಥಬೀದಿಯಲ್ಲಿ ಮೂಡೆ, ಕೊಟ್ಟೆಗಳ ಮಾರಾಟ ಶುರುವಾಗುವ ಹೊತ್ತಿಗೆ, ಟೀಚರ್ ಕೊಡೆ ಮಡಚುತ್ತ ಚಾವಡಿಗೆ ಬಂದರು. ಕೈಯಲ್ಲಿ ಹಸಿರು ಸೀರೆ. "ಗಡಿಬಿಡಿ ಇಲ್ಲ, ನವರಾತ್ರಿಗೆ ಸಾಕು" ಎಂದು ಅಮ್ಮನ ಕಡೆಗಲ್ಲ, ಮಗಳ ಕಡೆಗೆ ಚಾಚಿದರು.

ಸೀರೆ ಈಗ ಕಪಾಟಿನೊಳಗಿದೆ. ಕಿಟಕಿಯ ಬಳಿ ಒಂದು ಬಿಳಿ ಬೋಗುಣಿಯಲ್ಲಿ ನೀರು, ನೀರಿನಲ್ಲಿ ಒಂದು ಮೊಳ ಹಳದಿ ದಾರ. ಹೋಂವರ್ಕಿನ ನಡುವೆ ಎದ್ದು ಎದ್ದು ಬಂದು ಮಗಳು ಬಗ್ಗಿ ನೋಡುತ್ತಾಳೆ. ನೀರು ಬೆಳಿಗ್ಗೆಯವರೆಗೂ ಬಿಳಿಯಾಗಿಯೇ ಇರಬೇಕಂತೆ. ಆಮೇಲೆಯೇ ಕಡ್ಡಿ ಕೈಗೆ ಎತ್ತುವುದು.