ಗುಂಡಿನ ವೇಗವೂ ಮದ್ದಿನ ಅಳತೆಯೂ

ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗೆ ಮದ್ದುಗುಂಡಿನ ಮಾತು ಹೊಸದಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯವು ನರಗುಂದದ ಗುಡ್ಡವನ್ನು ಮುತ್ತಿತು. ಮರುವರ್ಷ ಮರಾಠರು ಗಜೇಂದ್ರಗಡವನ್ನು ತೆಗೆದುಕೊಂಡರು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯದೆ ಬಂದಾಗ ಹಲಗಲಿಯ ಬೇಡರು ದಂಗೆ ಎದ್ದರು. 1858ರಲ್ಲಿ ನರಗುಂದದ ಬಾಬಾಸಾಹೇಬರು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಇಷ್ಟೆಲ್ಲ ಆಗಿಹೋದ ಮೇಲೆಯೂ ಹಳೆಯ ಮನೆಗಳ ಅಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ತುಕ್ಕು ಹಿಡಿದ ಬಂದೂಕು ಉಳಿದುಕೊಂಡಿರುವದುಂಟು. ಅಂತಹ ಒಂದು ಬಂದೂಕೇ ಈ ಲೇಖನಕ್ಕೆ ಕಾರಣವಾಯಿತು.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹೊತ್ತು ಮುಳುಗಿದ ಮೇಲೆ ಮನೆಗೆ ಬಂದನು. ಬಗಲಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯದೊಂದು ವಸ್ತು. “ಮಾಸ್ತರ್ರೀ, ಗೋವಿನಜೋಳ ಎಲ್ಲಾ ಹಂದಿ ಹಾಳು ಮಾಡ್ಯಾವ್ರಿ. ಅಜ್ಜನ ಬಂದೂಕು ಐತಿ. ಮದ್ದು ಎಷ್ಟು ಹಾಕಬೇಕ್ರಿ? ಹೆಚ್ಚು ಹಾಕಿದ್ರ ಗುಂಡು ಜೋರು ಹೋಗತೈತಲ್ರಿ?” ಎಂದು ಕೇಳಿದನು. ನಾನು ಓದಿದ್ದು ಸಂಸ್ಕೃತ. ಆದರೆ ಹಳ್ಳಿಯ ಶಾಲೆಯ ಮಾಸ್ತರನಾದವನು ಗಣಿತ ವಿಜ್ಞಾನಗಳನ್ನೂ ಕಲಿಸಬೇಕಾಗುವದು. ಆ ಸಲುಗೆಯಿಂದಲೇ ಆತನು ಕೇಳಿದನು. ಆದರೆ ಆ ಪ್ರಶ್ನೆಯನ್ನು ಕೇಳಿದ ಕೂಡಲೆ ನನ್ನ ಕಣ್ಣಮುಂದೆ ಬಂದದ್ದು ಯಾವ ಗ್ರಂಥವೂ ಅಲ್ಲ, ನಮ್ಮ ಕಾಕಾನ ಎಡಗೈ.

ನಾನು ಹುಡುಗನಿದ್ದಾಗ ಕಾಕಾ ಇಂತಹದೇ ಬಂದೂಕಿಗೆ ಮುಷ್ಟಿಯ ಅಂದಾಜಿನಿಂದ ಮದ್ದು ಸುರಿದು, ಇರಲಿ ಎಂದು ಇನ್ನಷ್ಟು ಸೇರಿಸಿ, ಸಲಾಕೆಯಿಂದ ಒತ್ತಿ ಹಾರಿಸಿದನು. ನಳಿಗೆ ಸೀಳಿತು. ಹೆಬ್ಬೆರಳೂ ಎರಡು ಬೆರಳುಗಳೂ ಹೋದವು. ಮುಂದೆ ಆತನು ಆ ಕೈಯಿಂದ ನೇಗಿಲ ಮೇಳಿ ಹಿಡಿಯಲಿಲ್ಲ. ಊಟಕ್ಕೆ ಕುಳಿತಾಗ ಜೋಳದ ರೊಟ್ಟಿಯನ್ನು ಕಾಕಿಯೇ ಮುರಿದು ಇಡುವಳು. “ಹೆಚ್ಚು ಹಾಕಿದರೆ ಜೋರು ಹೋದೀತು ಅಂದುಕೊಂಡೆ” ಎಂಬ ಒಂದೇ ಮಾತನ್ನು ಆತನು ಸಾಯುವ ತನಕ ಹೇಳುತ್ತಿದ್ದನು. ನನ್ನ ವಿದ್ಯಾರ್ಥಿಯ ಬಾಯಲ್ಲಿಯೂ ಅದೇ ಮಾತು!

“ತಮ್ಮಾ, ಜೋರು ಅಂದರೆ ಎಷ್ಟು?” ಎಂದು ನಾನು ಕೇಳಿದೆನು. ಆತನು ಸುಮ್ಮನಾದನು. ನಿಜವಾಗಿ ನೋಡಿದರೆ ನಮ್ಮ ಶಾಸ್ತ್ರಕಾರರೂ ಇಲ್ಲಿ ಸುಮ್ಮನಾಗಿದ್ದಾರೆ. ಬಿಟ್ಟ ಬಾಣದ ಮೊದಲ ಚಲನೆ ನೂಕಿನಿಂದ, ಅದರಿಂದ ಸಂಸ್ಕಾರ, ಸಂಸ್ಕಾರದಿಂದ ಮುಂದಿನ ಚಲನೆ, ಅದು ತೀರಿದಾಗ ಗುರುತ್ವದಿಂದ ಪತನ ಎಂದು ಕಣಾದರು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ವೇಗವು ಸಂಸ್ಕಾರದ ಮೂರು ಭೇದಗಳಲ್ಲೊಂದೆಂದು ತಾರ್ಕಿಕರು ಎಣಿಸಿದ್ದಾರೆ. ಆದರೆ ‘ಎಷ್ಟು’ ಎಂಬುದಕ್ಕೆ ಅಲ್ಲಿ ಅಂಕೆಯಿಲ್ಲ.

ಆ ಅಂಕೆಯನ್ನು ಹಿಡಿಯುವ ಉಪಾಯವನ್ನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞನು 1742ರಲ್ಲಿ ಪ್ರಕಟಿಸಿದನು. ತೂಗುಬಿಟ್ಟ ಭಾರವಾದ ಮರದ ತುಂಡಿಗೆ ಗುಂಡು ಹೊಡೆಯುವದು. ಗುಂಡು ಅದರೊಳಗೇ ನೆಟ್ಟು, ತುಂಡು ಹಿಂದಕ್ಕೆ ತೂಗುವದು. ತೂಗಿದಷ್ಟನ್ನು ಅಳೆದರೆ ಗುಂಡಿನ ವೇಗವು ತಿಳಿಯುವದು. ಆತನಿಗೆ ದೊರೆತ ವೇಗ ಸೆಕೆಂಡಿಗೆ ಸುಮಾರು 1,600ರಿಂದ 1,700 ಅಡಿ, ಎಂದರೆ ಸರಿಸುಮಾರು 500 ಮೀಟರು. ಈತನೇ ಮುಂದೆ ಕಂಪನಿಯ ಎಂಜಿನಿಯರನಾಗಿ ಹಿಂದುಸ್ಥಾನಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಈಗಿನ ಯಂತ್ರಗಳಲ್ಲಿ ಗೊತ್ತಾದ ಅಂತರದಲ್ಲಿ ಬೆಳಕಿನ ಎರಡು ಕಣ್ಣುಗಳಿರುವವು. ಒಂದನ್ನು ದಾಟಿ ಇನ್ನೊಂದನ್ನು ದಾಟುವದಕ್ಕೆ ಹಿಡಿದ ಕಾಲವನ್ನು ಯಂತ್ರವು ಎಣಿಸುವದು. ಅಂತರ ಒಂದು ಮೀಟರಿದ್ದರೆ, ಅಂತಹ ಗುಂಡಿಗೆ ಸೆಕೆಂಡಿನ ಐನೂರನೆಯ ಒಂದು ಪಾಲು ಸಾಕು.

ಬಂದೂಕನ್ನು ಬದಿಗಿರಿಸಿ, ಮರುದಿನ ಆತನ ಹೊಲದಲ್ಲಿಯೇ ನಾವು ಕವಣೆಯಿಂದ ಈ ಪ್ರಯೋಗವನ್ನು ಮಾಡಿದೆವು. ಬಾಯಿ ತೆರೆದ ಎಣ್ಣೆಯ ಡಬ್ಬಿಯಲ್ಲಿ ಹಸಿ ಎರೆಮಣ್ಣು ತುಂಬಿ, ಎರಡು ಮೀಟರಿನ ಹಗ್ಗಗಳಿಂದ ಬೇವಿನ ಗಿಡಕ್ಕೆ ಅಡ್ಡಲಾಗಿ ತೂಗುಬಿಟ್ಟೆವು. ಕಲ್ಲಿನ ತೂಕ 50 ಗ್ರಾಂ. ಕಲ್ಲೂ ಡಬ್ಬಿಯೂ ಕೂಡಿ 5 ಕಿಲೋ, ಎಂದರೆ ಕಲ್ಲಿನ ನೂರು ಪಟ್ಟು. ಡಬ್ಬಿಯ ತಳದ ಕಡ್ಡಿಯು ಕೆಳಗೆ ಹರಡಿದ ಬೂದಿಯಲ್ಲಿ ಗೆರೆ ಕೊರೆಯುವಂತೆ ಮಾಡಿದೆವು. ಜೋಳದ ಹಕ್ಕಿ ಕಾಯ್ದು ಪಳಗಿದ ಕೈಯಾದರೂ ಹತ್ತಾರು ಕಲ್ಲುಗಳು ತಪ್ಪಿದವು. ಕೊನೆಗೊಂದು ಮಣ್ಣಿನಲ್ಲಿ ಹೂತಿತು. ಗೆರೆಯ ಉದ್ದ 14 ಸೆಂಟಿಮೀಟರು. 14ರ ವರ್ಗ 196. ಹಗ್ಗದ ಇಮ್ಮಡಿಯಾದ 400ರಿಂದ ಭಾಗಿಸಿದರೆ ಡಬ್ಬಿಯು ಏರಿದ ಎತ್ತರ 0.49 ಸೆಂಟಿಮೀಟರು. ಅಷ್ಟು ಏರಲು ಡಬ್ಬಿಗೆ ಮೊದಲಲ್ಲಿ ಸೆಕೆಂಡಿಗೆ 31 ಸೆಂಟಿಮೀಟರಿನ ವೇಗ ಬೇಕು. ನೂರು ಪಟ್ಟು ಭಾರವನ್ನು ಅಷ್ಟು ವೇಗದಿಂದ ನೂಕಿದ ಕಲ್ಲಿನ ವೇಗ ಅದರ ನೂರು ಪಟ್ಟು: ಸೆಕೆಂಡಿಗೆ 31 ಮೀಟರು!

ಆತನು ಬೂದಿಯ ಮೇಲಿನ ಗೆರೆಯನ್ನೇ ನೋಡುತ್ತ ಕುಳಿತನು. ಆಗ ನಾನು ಹೇಳಿದೆನು: ರಾಬಿನ್ಸನ ಗುಂಡಿನ ವೇಗ ಇದರ ಹದಿನಾರು ಪಟ್ಟು. ಶಕ್ತಿಯು ವೇಗದ ವರ್ಗದಂತೆ ಬೆಳೆಯುವದರಿಂದ, ಅದೇ ತೂಕಕ್ಕೆ ಅದರ ಬಲ 250 ಪಟ್ಟಿಗೂ ಹೆಚ್ಚು. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ನಾಲ್ಮಡಿಯಾಗಬೇಕು. ಹೀಗಿರಲು ಮದ್ದನ್ನು ಹೆಚ್ಚಿಸಿದಾಗ ಗುಂಡಿಗೆ ಸಿಕ್ಕುವ ಲಾಭ ಸ್ವಲ್ಪ. ಒತ್ತಡವೆಲ್ಲ ಬೀಳುವದು ನಳಿಗೆಯ ಮೇಲೆ, ನಳಿಗೆ ತಡೆಯದಿದ್ದರೆ ಹಿಡಿದವನ ಅಂಗೈಯ ಮೇಲೆ.

ಪರದೇಶಗಳಲ್ಲಿ ಪರವಾನಿಗೆಯಿಂದ ತೋಟಾಗಳನ್ನು ಕೈಯಾರೆ ತುಂಬಿಕೊಳ್ಳುವವರಿದ್ದಾರೆ. ಅವರ ಪದ್ಧತಿ ಎಷ್ಟು ಎಚ್ಚರಿಕೆಯದೆಂದರೆ, ಮದ್ದನ್ನು ಗ್ರೇನಿನ ಹತ್ತನೆಯ ಭಾಗದವರೆಗೆ ತೂಗುವರು. ಒಂದು ಗ್ರೇನೆಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ ತೂಕ. ಮದ್ದು ತಯಾರಿಸಿದವರು ಪರೀಕ್ಷಿಸಿ ಅಚ್ಚುಮಾಡಿದ ಕೋಷ್ಟಕವನ್ನು ಮೀರುವದಿಲ್ಲ. ಕನಿಷ್ಠ ಅಳತೆಯಿಂದ ಆರಂಭಿಸಿ, ಪ್ರತಿ ಹೆಜ್ಜೆಗೂ ವೇಗವನ್ನು ಅಳೆಯುವರು. ಕಪ್ಪುಮದ್ದಿನ ಬಂದೂಕಿಗೆ ಹೊಗೆಯಿಲ್ಲದ ಹೊಸ ಮದ್ದನ್ನು ಹಾಕುವದು ಪ್ರಾಣಕ್ಕೇ ಎರವು. ಅಟ್ಟದ ಮೇಲಿನ ಅನಾಮಧೇಯ ಮದ್ದಿಗೆ ಕೋಷ್ಟಕವೆಲ್ಲಿ, ತುಕ್ಕು ತಿಂದ ನಳಿಗೆಗೆ ಭರವಸೆಯೆಲ್ಲಿ?

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮನೆಯಲ್ಲಿ ಹಳೆಯ ಮದ್ದೋ ತೋಟಾಗಳೋ ಸಿಕ್ಕರೆ ಕುಟ್ಟಬಾರದು, ಒಣಗಿಸಬಾರದು, ಒಲೆಗೆ ಹಾಕಬಾರದು; ಮಕ್ಕಳನ್ನು ದೂರವಿರಿಸಿ ಪೊಲೀಸ್ ಠಾಣೆಗೆ ತಿಳಿಸುವದು. ಪರವಾನಿಗೆಯಿಲ್ಲದೆ ಬಂದೂಕನ್ನೂ ತೋಟಾಗಳನ್ನೂ ಇಟ್ಟುಕೊಳ್ಳುವದು, ತಯಾರಿಸುವದು 1959ರ ಆಯುಧ ಕಾಯದೆಯ ಮೇರೆಗೆ ಅಪರಾಧ. ಕಾಡುಪ್ರಾಣಿಗಳನ್ನು ಮನಬಂದಂತೆ ಕೊಲ್ಲುವದಕ್ಕೂ 1972ರ ಕಾಯದೆಯ ತಡೆಯಿದೆ. ಬೆಳೆಹಾನಿಗಾಗಿ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವ ದಾರಿಯಿದೆ.

ನನ್ನ ವಿದ್ಯಾರ್ಥಿಯು ಆ ವಾರವೇ ಠಾಣೆಗೆ ಹೋಗಿ ಬಂದೂಕನ್ನು ಒಪ್ಪಿಸಿದನು. ಹಂದಿಯ ಪರಿಹಾರದ ಅರ್ಜಿಯನ್ನು ನಾನೇ ಬರೆದುಕೊಟ್ಟೆನು. ಪರಿಹಾರವು ಇನ್ನೂ ಬಂದಿಲ್ಲ. ಬೆಳೆಯ ನಷ್ಟವಂತೂ ಆಗಿಯೇ ಆಯಿತು. ಆದರೆ ಮೊನ್ನೆ ಅವನ ಮನೆಗೆ ಊಟಕ್ಕೆ ಹೋಗಿದ್ದಾಗ, ಆತನು ಎರಡೂ ಕೈಗಳಿಂದ ರೊಟ್ಟಿ ಮುರಿದು ತನ್ನ ಮಗಳ ತಾಟಿಗೆ ಹಾಕುತ್ತಿದ್ದುದನ್ನು ಕಂಡೆನು. ನನಗೆ ಕಾಕಾನ ನೆನಪಾಯಿತು. ಮನಸ್ಸಿಗೆ ಸಮಾಧಾನವೂ ಆಯಿತು.