ಕುಂಬಾರವಾಡದ ಕಾಡಿಗೆ ಎರಡು ಕಣ್ಣು

ದಾಂಡೇಲಿಯಿಂದ ಜೋಯಿಡಾ ಮಾರ್ಗವಾಗಿ ಕಾರವಾರಕ್ಕೆ ಹೊರಟವರಿಗೆ ಅಣಶಿ ಘಟ್ಟಕ್ಕೂ ಮುನ್ನ ಕುಂಬಾರವಾಡ ಎದುರಾಗುತ್ತದೆ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು. ಹತ್ತಿರದಲ್ಲಿ ಬಿದಿರು ಮೆಳೆ, ಅದರ ಹಿಂದೆ ಮತ್ತಿಮರ, ಅದರಾಚೆ ಮಂಜು ಹೊದ್ದ ಗುಡ್ಡ. ಆದರೆ ಮೊಬೈಲಿನಲ್ಲಿ ಹಿಡಿದ ಇದೇ ನೋಟವನ್ನು ಮನೆಗೆ ಬಂದು ನೋಡಿದರೆ ಹಸಿರು ಬಣ್ಣ ಬಳಿದ ಗೋಡೆಯಂತೆ ಕಾಣುತ್ತದೆ! ಕಾಡಿನ ಆಳ ಎಲ್ಲಿ ಹೋಯಿತು?

ಕ್ಯಾಮೆರಾ ಒಕ್ಕಣ್ಣಿನದು, ನಮ್ಮ ಕಣ್ಣುಗಳು ಎರಡು, ಅವುಗಳ ನಡುವೆ ಸುಮಾರು 6.5 ಸೆಂ.ಮೀ. ಅಂತರ. ತೋರುಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿಯುತ್ತದೆ. ಎರಡು ಕಣ್ಣುಗಳು ಕಾಣುವ ಈ ಚಿತ್ರಗಳ ವ್ಯತ್ಯಾಸದಿಂದಲೇ ಮಿದುಳು ದೂರವನ್ನು ಅಳೆಯುತ್ತದೆ.

ಈ ಗುಟ್ಟನ್ನು 1838ರಲ್ಲಿ ಕನ್ನಡಿಗಳ ಸಾಧನದಿಂದ ತೋರಿಸಿಕೊಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. ಡೇವಿಡ್ ಬ್ರೂಸ್ಟರ್ ಮಸೂರಗಳ ಪೆಟ್ಟಿಗೆ ರೂಪಿಸಿದರು. 1851ರ ಲಂಡನ್ ಮಹಾಪ್ರದರ್ಶನದ ನಂತರ ಅದು ಮನೆಮನೆಯ ಮೋಜಾಯಿತು. ಊರೂರಿನ ಜೋಡಿಚಿತ್ರಗಳು ಪ್ರವಾಸದ ನೆನಪಿನ ಕಾಣಿಕೆಗಳಾದವು. ವ್ಯಾಪಾರಿಗಳೂ ಸುಮ್ಮನಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕ್ಯಾವೆಂಡರ್ಸ್ ಸಿಗರೇಟು ಕಂಪನಿ ಪೊಟ್ಟಣಗಳಲ್ಲಿ ದೇಶವಿದೇಶಗಳ ಜೋಡಿಚಿತ್ರಗಳನ್ನಿಟ್ಟು ಗಿರಾಕಿಗಳನ್ನು ಸೆಳೆಯಿತು. ಮಡಚಿ ಇಡಬಹುದಾದ ರಟ್ಟಿನ ದರ್ಶಕಗಳು ಜಾಹೀರಾತಿಗೆ ಹೇಳಿ ಮಾಡಿಸಿದಂತಿದ್ದವು. ಖರ್ಚು ಕಡಿಮೆ, ಬೆರಗು ಹೆಚ್ಚು. ಗೂಗಲ್ 2014ರಲ್ಲಿ ಇದೇ ಹಳೆಯ ಉಪಾಯಕ್ಕೆ ಮೊಬೈಲು ಜೋಡಿಸಿತು. 2015ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಚಂದಾದಾರರಿಗೆ ಇಂತಹ ಹತ್ತು ಲಕ್ಷಕ್ಕೂ ಹೆಚ್ಚು ರಟ್ಟಿನ ದರ್ಶಕಗಳನ್ನು ಹಂಚಿತು.

ಇದು ಬರಿಯ ಆಟಿಕೆಯಲ್ಲ. ವಿಮಾನದಿಂದ ತೆಗೆದ, ಒಂದರ ಮೇಲೊಂದು ಶೇಕಡಾ 60ರಷ್ಟು ಹೊಂದುವ ಚಿತ್ರಗಳನ್ನು ಇಂತಹ ದರ್ಶಕದಡಿ ಇಟ್ಟು ಕಾಡಿನ ಇಳಿಜಾರು, ಮರಗಳ ಎತ್ತರಗಳನ್ನು ತಜ್ಞರು ಅಂದಾಜಿಸುತ್ತಾರೆ.

ಕುಂಬಾರವಾಡಕ್ಕೆ ಹೋಗುವ ವಿದ್ಯಾರ್ಥಿಗಳು ತಾವೇ ಒಂದನ್ನು ಮಾಡಿಕೊಳ್ಳಬಹುದು. ರಸ್ತೆಬದಿಯಲ್ಲಿ ಸುರಕ್ಷಿತ ಜಾಗ ನೋಡಿ ಒಂದು ಚಿತ್ರ ತೆಗೆಯಿರಿ. ಮೊಬೈಲನ್ನು ಓರೆ ಮಾಡದೆ ಬಲಕ್ಕೆ ಸರಿಸಿ ಇನ್ನೊಂದು ತೆಗೆಯಿರಿ. ಎಷ್ಟು ಸರಿಸಬೇಕು? ಎದುರಿನ ಅತಿ ಹತ್ತಿರದ ವಸ್ತುವಿನ ದೂರದ 30ರಲ್ಲಿ ಒಂದು ಭಾಗ. ಮರ 3 ಮೀಟರ್ ದೂರವಿದ್ದರೆ 10 ಸೆಂ.ಮೀ.; ಬಯಲಿನಾಚೆ 300 ಮೀಟರ್ ದೂರದ ಗುಡ್ಡವಷ್ಟೇ ಇದ್ದರೆ 10 ಮೀಟರ್. ಗಾಳಿ ಬೀಸಿ ಎಲೆ ಅಲುಗಿದರೆ ಚಿತ್ರಗಳು ಹೊಂದುವುದಿಲ್ಲ, ಕಾಯಬೇಕು.

ಸುಮಾರು 6 ಸೆಂ.ಮೀ. ಅಗಲಕ್ಕೆ ಮುದ್ರಿಸಿದ ಎರಡೂ ಚಿತ್ರಗಳನ್ನು ರಟ್ಟಿನ ಮೇಲೆ ಪಕ್ಕಪಕ್ಕ ಅಂಟಿಸಿ. 10 ಸೆಂ.ಮೀ. ಸಂಗಮ ದೂರದ ಎರಡು ಪೀನ ಮಸೂರಗಳನ್ನು ಇನ್ನೊಂದು ರಟ್ಟಿಗೆ ಕೂರಿಸಿ, ನಡುವೆ ಅಡ್ಡಗೋಡೆಯಿಡಿ. ಚಿತ್ರಗಳು ಮಸೂರದಿಂದ 10 ಸೆಂ.ಮೀ.ಗಿಂತ ತುಸು ಹತ್ತಿರವಿರಲಿ. ಕಳೆದುಹೋಗಿದ್ದ ಕಾಡು ಮರಳಿ ಬರುತ್ತದೆ! ಎಡಬಲ ಅದಲುಬದಲಾದರೆ ಮಾತ್ರ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ತೋರೀತು. ಈ ಮಸೂರಗಳಿಂದ ಸೂರ್ಯನನ್ನು ಎಂದೂ ನೋಡಬಾರದು.

ಈಗ ಪೋಷಕರಿಗೊಂದು ಮಾತು. ಎಲ್ಲ ಮಕ್ಕಳೂ "ಅಬ್ಬಾ!" ಎನ್ನುವಾಗ ಒಂದು ಮಗು ಮಾತ್ರ "ನನಗೇನೂ ಕಾಣಲಿಲ್ಲ" ಎಂದರೆ ಗದರಿಸಬೇಡಿ. ಚಿತ್ರ ಸರಿಯಾಗಿ ಅಂಟಿಲ್ಲದಿರಬಹುದು. ಆದರೆ ಆ ಮಗುವಿನ ಒಂದು ಕಣ್ಣು 'ಸೋಮಾರಿ ಕಣ್ಣು' ಆಗಿರುವ ಸಾಧ್ಯತೆಯೂ ಇದೆ. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ಮಗು ದೂರು ಹೇಳುವುದಿಲ್ಲ. ಜಗತ್ತು ಇರುವುದೇ ಹೀಗೆ ಎಂದುಕೊಂಡಿರುತ್ತದೆ. ಕನ್ನಡಕ ಹಾಕಿಸಿ, ಚೆನ್ನಾಗಿರುವ ಕಣ್ಣನ್ನು ದಿನಕ್ಕೆ ಕೆಲಕಾಲ ಮುಚ್ಚಿ ಕೊಡುವ ಚಿಕಿತ್ಸೆ ಏಳೆಂಟು ವರ್ಷದೊಳಗೆ ಆರಂಭವಾದರೆ ಹೆಚ್ಚು ಫಲಕಾರಿ. ತಡವಾದಷ್ಟೂ ಕಷ್ಟ. ರಟ್ಟಿನ ಪೆಟ್ಟಿಗೆ ರೋಗ ನಿರ್ಣಯಿಸಲಾರದು; ಅದನ್ನು ಕಣ್ಣಿನ ವೈದ್ಯರೇ ಮಾಡಬೇಕು.

ಮುಂದಿನ ರಜೆಯಲ್ಲಿ ಕುಂಬಾರವಾಡದತ್ತ ಹೊರಟರೆ ಬುತ್ತಿಯ ಜೊತೆ ಈ ರಟ್ಟಿನ ಪೆಟ್ಟಿಗೆಯನ್ನೂ ಚೀಲಕ್ಕೆ ಹಾಕಿ. ಮನೆಯ ಪ್ರತಿಯೊಂದು ಮಗುವೂ ಸರದಿಯಂತೆ ನೋಡಲಿ. ಕಂಡದ್ದೇನೆಂದು ಕೇಳಿ, ಸಾವಧಾನವಾಗಿ ಉತ್ತರ ಆಲಿಸಿ.