ಹತ್ತು ಸೆಂಟ್ಸ್ ನೆಲ: ಕೆ.ಆರ್. ಗೌರಿಯಮ್ಮನವರ ನೆನಪು

ನೆಲವನ್ನು ಉಳುವವನಿಗೂ ಆ ನೆಲದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವನಿಗೂ ನಡುವೆ ಶತಮಾನಗಳಿಂದ ನಡೆದುಬಂದಿದ್ದ ಸಂಬಂಧವು ಕೇರಳದಲ್ಲಿ ಒಂದೇ ತಲೆಮಾರಿನ ಅವಧಿಯಲ್ಲಿ ಬುಡಮೇಲಾಯಿತು. ಅದನ್ನು ಬದಲಿಸಿದ ಕಾನೂನುಗಳಿಗೆ 1957ರಲ್ಲೊಮ್ಮೆ, 1967ರಲ್ಲಿ ಮತ್ತೊಮ್ಮೆ ಕಂದಾಯ ಸಚಿವರಾಗಿ ಹೆಗಲು ಕೊಟ್ಟವರು ಕೆ.ಆರ್. ಗೌರಿಯಮ್ಮ. 1919ರ ಜುಲೈ 14ರಂದು ಹುಟ್ಟಿ, ನೂರೊಂದು ವರ್ಷ ತುಂಬಿದ ಮೇಲೆ 2021ರ ಮೇ 11ರಂದು ತೀರಿಕೊಂಡ ಈ ಮಹಿಳೆಯ ರಾಜಕೀಯ ಜೀವನವನ್ನು ಆ ನಾಡಿನ ಗದ್ದೆ, ತೋಟ, ಗುಡಿಸಲುಗಳ ಚರಿತ್ರೆಯಿಂದ ಬಿಡಿಸಿ ಬರೆಯಲು ಬರುವುದಿಲ್ಲ. ಆ ಚರಿತ್ರೆಯನ್ನು ಕಣ್ಣಾರೆ ಕಂಡವರಲ್ಲಿ ಕನ್ನಡಿಗರೂ ಇದ್ದಾರೆ. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನ ಒಕ್ಕಲುಗಳೂ ಧಣಿಗಳೂ ತಿರುವನಂತಪುರದ ಆ ಕಡತಗಳ ಪರಿಣಾಮವನ್ನು ತಮ್ಮ ಅಂಗಳದಲ್ಲೇ ಅನುಭವಿಸಿದರು.

ಹಳೆಯ ವ್ಯವಸ್ಥೆ ಹೇಗಿತ್ತೆಂಬುದನ್ನು ತಿಳಿಯದೆ ಈ ಕೆಲಸದ ತೂಕ ತಿಳಿಯುವುದಿಲ್ಲ. ಕೇರಳದಲ್ಲಿ ಭೂಮಿಯ ಮೂಲ ಒಡೆತನವುಳ್ಳವನನ್ನು ಜನ್ಮಿ ಎನ್ನುತ್ತಿದ್ದರು. ಅವನಿಗೆ ಮುಂಗಡವಾಗಿ ಒಂದು ಮೊತ್ತ ಕೊಟ್ಟು ಭೂಮಿ ಹಿಡಿಯುವುದು ಕಾಣಂ ಎನಿಸಿಕೊಂಡರೆ, ಯಾವ ಭದ್ರತೆಯೂ ಇಲ್ಲದೆ ಪಾಟ್ಟವನ್ನು, ಅಂದರೆ ಗೇಣಿಯನ್ನು, ಅಳೆದುಕೊಟ್ಟು ಉಳುವುದು ವೆರುಂಪಾಟ್ಟಂ ಎನಿಸಿಕೊಳ್ಳುತ್ತಿತ್ತು. ರಾಜ್ಯದ ಉತ್ತರದ ತುದಿಯಲ್ಲಿ, ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕಡೆ, ಇವಕ್ಕೆ ಹತ್ತಿರವಾದ ಹಿಡುವಳಿಗಳು ಮೂಲಗೇಣಿ, ಚಾಲಗೇಣಿ ಎಂಬ ಹೆಸರಿನಲ್ಲಿದ್ದವು: ಗೇಣಿಯ ಪ್ರಮಾಣ ಶಾಶ್ವತವಾಗಿ ನಿಗದಿಯಾಗಿ ತಲೆಮಾರಿನಿಂದ ತಲೆಮಾರಿಗೆ ಬರುವುದು ಮೂಲಗೇಣಿ, ಧಣಿಯ ಮನಸ್ಸಿನಂತೆ ವರ್ಷದಿಂದ ವರ್ಷಕ್ಕೆ ನಡೆಯುವುದು ಚಾಲಗೇಣಿ. ಕೊಯ್ಲು ಮುಗಿದೊಡನೆ ಗೇಣಿಯ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟಿ ಧಣಿಯ ಮನೆಗೆ ಹೊತ್ತು ತರುವುದು, ಹಬ್ಬ ಬಂದರೆ ಬಾಳೆಗೊನೆ, ತರಕಾರಿಗಳನ್ನು ಕಾಣಿಕೆಯಾಗಿ ಒಪ್ಪಿಸುವುದು, ಬೆಳೆ ಕೆಟ್ಟ ವರ್ಷ ಅಂಗಳದ ಬದಿಯಲ್ಲಿ ನಿಂತು ಬಾಕಿಗೆ ಅವಧಿ ಕೇಳುವುದು, ಇವೆಲ್ಲ ಆ ಕಾಲವನ್ನು ಕಂಡವರ ನೆನಪಿನಲ್ಲಿ ಇಂದಿಗೂ ಹಸಿಯಾಗಿವೆ. ಒಕ್ಕಲಿಗಿಂತಲೂ ಕೆಳಗಿನ ಮೆಟ್ಟಿಲಲ್ಲಿದ್ದವರು ಕುಡಿಕಿಡಪ್ಪುಕಾರರು, ಅಂದರೆ ಇನ್ನೊಬ್ಬರ ಜಾಗದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಅದೇ ಒಡೆಯನ ಕೆಲಸಕ್ಕೆ ಹೋಗುತ್ತಿದ್ದ ಕೂಲಿಗಳು. ಒಡೆಯನಿಗೆ ಮುನಿಸು ಬಂದ ದಿನ ಅವರ ಮನೆಯೂ ಹೋಗುತ್ತಿತ್ತು, ಕೆಲಸವೂ ಹೋಗುತ್ತಿತ್ತು.

ಗೌರಿಯಮ್ಮ ಹುಟ್ಟಿದ್ದು ಆಲಪ್ಪುಳದ ಬಳಿಯ ಚೇರ್ತಲ ತಾಲ್ಲೂಕಿನ ಪಟ್ಟಣಕ್ಕಾಡಿನಲ್ಲಿ, ಸಾಮಾಜಿಕವಾಗಿ ಹಿಂದಕ್ಕೆ ತಳ್ಳಲ್ಪಟ್ಟಿದ್ದ ಈಳವ ಸಮುದಾಯದಲ್ಲಿ. ಆದರೆ ಮನೆತನ ಬಡತನದ್ದಾಗಿರಲಿಲ್ಲ, ಆದ್ದರಿಂದ ಮಗಳನ್ನು ಎರ್ನಾಕುಳದಲ್ಲಿ ಕಾಲೇಜು ಓದಿಸಿ, ತಿರುವನಂತಪುರದಲ್ಲಿ ಕಾನೂನು ಕಲಿಸುವುದು ತಂದೆಗೆ ಸಾಧ್ಯವಾಯಿತು. ಈಳವ ಸಮುದಾಯದಿಂದ ವಕೀಲರಾದ ಮೊದಲ ಮಹಿಳೆ ಅವರೆಂದು ಹೇಳುವುದು ರೂಢಿ. ಚೇರ್ತಲದ ನ್ಯಾಯಾಲಯದಲ್ಲಿ ಅವರು ವಕೀಲಿ ಆರಂಭಿಸಿದ ಪ್ರದೇಶ ತೆಂಗಿನ ನಾರಿನ ಕಾರ್ಮಿಕರ ಪ್ರದೇಶವಾಗಿತ್ತು. 1946ರ ಅಕ್ಟೋಬರಿನಲ್ಲಿ ತಿರುವಾಂಕೂರಿನ ದಿವಾನರ ಆಡಳಿತದ ವಿರುದ್ಧ ಎದ್ದ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿದ ವಯಲಾರ್ ಅದೇ ತಾಲ್ಲೂಕಿನ ಊರು. ಕಾರ್ಮಿಕ ಸಂಘಟನೆಯಲ್ಲಿದ್ದ ಅಣ್ಣನ ಪ್ರಭಾವವೂ ಸೇರಿ ಅವರು ಕಮ್ಯುನಿಸ್ಟ್ ಪಕ್ಷಕ್ಕೆ ಬಂದರು, 1948ರ ಚುನಾವಣೆಯಲ್ಲಿ ಸೋತರು, ಸೆರೆವಾಸವನ್ನೂ ಪೊಲೀಸರ ಹಿಂಸೆಯನ್ನೂ ಉಂಡರು, ಬಳಿಕ 1952 ಮತ್ತು 1954ರಲ್ಲಿ ತಿರುವಾಂಕೂರು-ಕೊಚ್ಚಿ ವಿಧಾನಸಭೆಗೆ ಗೆದ್ದರು.

1957ರ ಏಪ್ರಿಲ್ 5ರಂದು ಇ.ಎಂ.ಎಸ್. ನಂಬೂದಿರಿಪಾಡರ ನೇತೃತ್ವದಲ್ಲಿ ಅಧಿಕಾರಕ್ಕೆ ಬಂದ ಮಂತ್ರಿಮಂಡಲದಲ್ಲಿ ಗೌರಿಯಮ್ಮ ಒಬ್ಬರೇ ಮಹಿಳೆ. ಮಹಿಳೆಗೆ ಸಮಾಜ ಕಲ್ಯಾಣದಂತಹ ಖಾತೆ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಇಂದಿಗೂ ಹೋಗಿಲ್ಲ. ಅಂಥಲ್ಲಿ ಮೂವತ್ತೇಳು ವರ್ಷದ ವಕೀಲೆಯ ಕೈಗೆ ಕಂದಾಯ ಖಾತೆ ಬಂದುದು ಅಂದಿನ ಭಾರತದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಮಂತ್ರಿಮಂಡಲ ರಚನೆಯಾದ ಒಂದು ವಾರದೊಳಗೆ, ಏಪ್ರಿಲ್ 11ರಂದು, ಒಕ್ಕಲೆಬ್ಬಿಸುವಿಕೆಯನ್ನು ತಡೆಯುವ ಸುಗ್ರೀವಾಜ್ಞೆ ಹೊರಬಿತ್ತು. ಸುಗ್ರೀವಾಜ್ಞೆಯೆಂದರೆ ವಿಧಾನಮಂಡಲದ ಅಧಿವೇಶನವಿಲ್ಲದಾಗ ರಾಜ್ಯಪಾಲರ ಮೂಲಕ ಜಾರಿಗೊಳಿಸುವ ತಾತ್ಕಾಲಿಕ ಶಾಸನ. ಗೇಣಿದಾರರನ್ನೂ ಗುಡಿಸಲುವಾಸಿಗಳನ್ನೂ ಹೊರಹಾಕುವ ದಾವೆಗಳೆಲ್ಲ ಅಂದಿನಿಂದ ಇದ್ದಲ್ಲಿಯೇ ನಿಂತವು. ಇದರಲ್ಲಿ ಯಾರಿಗೂ ಭೂಮಿ ಹಂಚಿರಲಿಲ್ಲ, ಯಾರ ಒಡೆತನವನ್ನೂ ಕಿತ್ತುಕೊಂಡಿರಲಿಲ್ಲ. ಆದರೂ ಅವರ ಇಡೀ ರಾಜಕೀಯ ಜೀವನದ ಅತ್ಯಂತ ಜಾಣ ನಡೆ ಇದೇ. ಭೂಸುಧಾರಣೆಯ ಮಾತು ಹರಡಿದೊಡನೆ ಒಡೆಯರು ಮಾಡುವ ಮೊದಲ ಕೆಲಸ ಒಕ್ಕಲನ್ನು ಎಬ್ಬಿಸಿ ಭೂಮಿಯನ್ನು ಸ್ವಂತ ಸಾಗುವಳಿಯೆಂದು ತೋರಿಸುವುದು. ಶಾಸನ ಬರುವ ಹೊತ್ತಿಗೆ ಅದರ ಫಲ ಉಣ್ಣಬೇಕಾದವನೇ ಗದ್ದೆಯಲ್ಲಿರುವುದಿಲ್ಲ. ಮೈಸೂರು ರಾಜ್ಯದ 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು ಎಂಬುದನ್ನು ನೆನೆದರೆ, ಬಾಗಿಲು ಮುಚ್ಚಿ ಆಮೇಲೆ ಲೆಕ್ಕಕ್ಕೆ ಕೂತ ಚೇರ್ತಲದ ಈ ವಕೀಲೆಯ ಮುಂದಾಲೋಚನೆ ಎಂಥದ್ದೆಂದು ಅರ್ಥವಾಗುತ್ತದೆ.

ಅನಂತರದ ದಾರಿ ಸುಲಭದ್ದಾಗಿರಲಿಲ್ಲ. ಗೇಣಿದಾರನಿಗೆ ಹಿಡುವಳಿಯ ಹಕ್ಕು, ನ್ಯಾಯವಾದ ಗೇಣಿ, ಭೂಮಿಗೆ ಮಿತಿ, ಇವನ್ನೊಳಗೊಂಡ ಕೃಷಿ ಸಂಬಂಧ ಮಸೂದೆಯನ್ನು ವಿಧಾನಸಭೆ 1959ರ ಜೂನಿನಲ್ಲಿ ಅಂಗೀಕರಿಸಿತು. ಅಷ್ಟರಲ್ಲಿ ಶಿಕ್ಷಣ ಮಸೂದೆಯ ವಿರುದ್ಧ ಮೊದಲಾದ ವಿಮೋಚನಾ ಸಮರವೆಂಬ ಚಳವಳಿ ಬೀದಿಗಿಳಿದಿತ್ತು, ಜುಲೈ 31ರಂದು ಸಂವಿಧಾನದ 356ನೆಯ ವಿಧಿಯಡಿ ಕೇಂದ್ರವು ಮಂತ್ರಿಮಂಡಲವನ್ನೇ ವಜಾ ಮಾಡಿತು. ಮುಂದಿನ ಸರ್ಕಾರದ ಕಾಲದಲ್ಲಿ, 1961ರಲ್ಲಿ, ಬದಲಾವಣೆಗಳೊಂದಿಗೆ ಕಾಯಿದೆಯಾದ ಇದೇ ಶಾಸನಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಕಾಸರಗೋಡಿನ ನೆಲದಿಂದ ಎಂಬುದನ್ನು ಕನ್ನಡ ಓದುಗರು ಗಮನಿಸಬೇಕು. ಹೊಸದುರ್ಗ ಮತ್ತು ಕಾಸರಗೋಡು ತಾಲ್ಲೂಕುಗಳ ಭೂಮಿ ಮದರಾಸು ಪ್ರಾಂತದ ರೈತವಾರಿ ಪದ್ಧತಿಯದು, ಅಂದರೆ ಸರ್ಕಾರಕ್ಕೆ ನೇರವಾಗಿ ತೀರ್ವೆ ಕಟ್ಟುವ ಪಟ್ಟಾದಾರರದು. ಸಂವಿಧಾನದಲ್ಲಿ ಭೂಸುಧಾರಣೆಗೆ ರಕ್ಷಣೆ ಕೊಡುವ ‘ಎಸ್ಟೇಟ್’ ಎಂಬ ವ್ಯಾಖ್ಯೆಯೊಳಗೆ ಅದು ಬರುವುದಿಲ್ಲವೆಂದು ಹೇಳಿ, ಸಮಾನತೆಯ 14ನೆಯ ವಿಧಿಯ ಆಧಾರದಲ್ಲಿ ಸುಪ್ರೀಂ ಕೋರ್ಟ್ ಆ ಎರಡು ತಾಲ್ಲೂಕುಗಳ ರೈತವಾರಿ ಭೂಮಿಯ ಮಟ್ಟಿಗೆ ಕಾಯಿದೆಯನ್ನು ತಳ್ಳಿಹಾಕಿತು. ರೈತವಾರಿ ಭೂಮಿಯನ್ನೂ ಆ ವ್ಯಾಖ್ಯೆಗೆ ಸೇರಿಸಲು 1964ರಲ್ಲಿ ಸಂವಿಧಾನಕ್ಕೆ 17ನೆಯ ತಿದ್ದುಪಡಿಯೇ ಬರಬೇಕಾಯಿತು. ಹೀಗೆ ಗಡಿನಾಡಿನ ಎರಡು ತಾಲ್ಲೂಕುಗಳ ವ್ಯಾಜ್ಯವೊಂದು ಇಡೀ ದೇಶದ ಭೂಕಾನೂನಿನ ಬುಡವನ್ನು ಅಲುಗಿಸಿತು.

1967ರಲ್ಲಿ ಇ.ಎಂ.ಎಸ್. ಮರಳಿ ಮುಖ್ಯಮಂತ್ರಿಯಾದಾಗ ಕಂದಾಯವೂ ಗೌರಿಯಮ್ಮನವರಿಗೇ ಮರಳಿತು. 1969ರ ಅಕ್ಟೋಬರಿನಲ್ಲಿ ಭೂಸುಧಾರಣಾ ತಿದ್ದುಪಡಿ ಅಂಗೀಕಾರವಾಯಿತು, ಕೆಲವೇ ದಿನಗಳಲ್ಲಿ ಸರ್ಕಾರ ಬಿತ್ತು, ಸಿ. ಅಚ್ಯುತ ಮೇನೋನರ ಸರ್ಕಾರ 1970ರ ಜನವರಿ 1ರಿಂದ ಅದನ್ನು ಜಾರಿಗೊಳಿಸಿತು. ಶ್ರೇಯಸ್ಸು ಯಾರದೆಂದು, 1964ರಲ್ಲಿ ಒಡೆದು ಎರಡಾಗಿದ್ದ ಕಮ್ಯುನಿಸ್ಟ್ ಪಕ್ಷಗಳು ದಶಕಗಳ ಕಾಲ ವಾದಿಸಿವೆ. ಜಾರಿಗೊಳಿಸಿದವರ ದೃಢತೆಯನ್ನು ಅಲ್ಲಗಳೆಯದೆಯೂ, ಶಾಸನವನ್ನು ಎರಡು ಸಲ ಹೊತ್ತು ಹೆತ್ತವರು ಗೌರಿಯಮ್ಮ ಎಂದು ಹೇಳುವುದೇ ನ್ಯಾಯ. ಗೇಣಿ ಪದ್ಧತಿ ಅಂದಿಗೆ ಮುಗಿಯಿತು. ಕುಡಿಕಿಡಪ್ಪುಕಾರನಿಗೆ ತನ್ನ ಗುಡಿಸಲಿದ್ದ ಜಾಗವನ್ನು ಅಲ್ಪ ಬೆಲೆಗೆ ಕೊಳ್ಳುವ ಹಕ್ಕು ಬಂತು: ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್, ಪುರಸಭೆಯಲ್ಲಿ 5, ದೊಡ್ಡ ನಗರದಲ್ಲಿ 3. ಸೆಂಟ್ಸ್ ಎಂದರೆ ಎಕರೆಯ ನೂರರಲ್ಲೊಂದು ಪಾಲು; ಹತ್ತು ಸೆಂಟ್ಸಿನಲ್ಲಿ ಒಂದು ಮನೆ, ಒಂದು ಬಾವಿ, ನಾಲ್ಕಾರು ತೆಂಗು ಹಿಡಿಯುತ್ತವೆ, ಅದಕ್ಕಿಂತ ಮಿಗಿಲಾಗಿ ಅಲ್ಲಿಂದ ಯಾರೂ ಎಬ್ಬಿಸಲಾರರು. ಮಣ್ಣಿನ ಗೋಡೆಗಳ ಜಾಗದಲ್ಲಿ ಮುರಕಲ್ಲಿನ ಗೋಡೆಗಳು ಎದ್ದುದನ್ನೂ, ಓಣಂ ಹಬ್ಬಕ್ಕೆ ಜನ್ಮಿಯ ಮನೆಗೆ ಹೋಗುತ್ತಿದ್ದ ಬಾಳೆಗೊನೆ ಒಕ್ಕಲಿನ ಜಗಲಿಯಲ್ಲೇ ಹಣ್ಣಾದುದನ್ನೂ, ಗೇಣಿಯೊಂದನ್ನೇ ನಂಬಿದ್ದ ಸಣ್ಣ ಒಡೆಯರ ಮನೆಗಳು ಬರಿದಾದುದನ್ನೂ ಒಟ್ಟಿಗೇ ಕಂಡವರು ಈ ಬದಲಾವಣೆಯ ಎರಡೂ ಮುಖಗಳನ್ನು ಬಲ್ಲರು. ಗಡಿಯ ಇತ್ತ ದಕ್ಷಿಣ ಕನ್ನಡದ ಒಕ್ಕಲುಗಳು ಇದೇ ಹಕ್ಕಿಗಾಗಿ ಡಿಕ್ಲರೇಶನ್, ಅಂದರೆ ಹಕ್ಕು ಕೋರುವ ಅರ್ಜಿ, ಹಾಕಲು 1974ರವರೆಗೆ, ದೇವರಾಜ ಅರಸರ ಸರ್ಕಾರದ ತಿದ್ದುಪಡಿಯವರೆಗೆ, ಕಾಯಬೇಕಾಯಿತು.

ಈ ಶಾಸನದ ಕೊರತೆಯನ್ನೂ ಹೇಳಲೇಬೇಕು. ಚಹಾ, ರಬ್ಬರ್ ಮುಂತಾದ ದೊಡ್ಡ ತೋಟಗಳು ಮಿತಿಯಿಂದ ಹೊರಗುಳಿದವು. ಗದ್ದೆಯಲ್ಲಿ ದುಡಿದ ದಲಿತರಿಗೆ ಮನೆಯ ಜಾಗ ಸಿಕ್ಕಿತೇ ಹೊರತು ಗದ್ದೆ ಸಿಗಲಿಲ್ಲ. ಆದಿವಾಸಿಗಳು ಕಳೆದುಕೊಂಡ ಭೂಮಿಯನ್ನು ಮರಳಿ ಕೊಡಿಸಲು 1975ರಲ್ಲಿ ಆದ ಪ್ರತ್ಯೇಕ ಕಾಯಿದೆಯೂ ಕಾಗದದಲ್ಲೇ ಉಳಿಯಿತು. 1990ರ ದಶಕದ ಉತ್ತರಾರ್ಧದಲ್ಲಿ ಆ ಕಾಯಿದೆಯನ್ನು ಸಡಿಲಿಸುವ ಮಸೂದೆ ವಿಧಾನಸಭೆಗೆ ಬಂದಾಗ ಆಡಳಿತ ಪಕ್ಷವೂ ವಿರೋಧ ಪಕ್ಷವೂ ಕೈಜೋಡಿಸಿದವು. ಎದ್ದು ನಿಂತು ಬೇಡವೆಂದವರು ಎಪ್ಪತ್ತೈದು ದಾಟಿದ ಗೌರಿಯಮ್ಮ ಒಬ್ಬರೇ.

ಅವರ ಖಾಸಗಿ ಬದುಕನ್ನೂ ಪಕ್ಷವೇ ಬರೆಯಿತು, ಪಕ್ಷವೇ ಅಳಿಸಿತು. 1957ರಲ್ಲಿ, ಅದೇ ಮಂತ್ರಿಮಂಡಲದ ಸಹೋದ್ಯೋಗಿ ಟಿ.ವಿ. ಥಾಮಸ್ ಅವರೊಂದಿಗೆ ಅವರ ಮದುವೆ ನಡೆಯಿತು. 1964ರಲ್ಲಿ ಪಕ್ಷ ಒಡೆದಾಗ ಥಾಮಸ್ ಸಿಪಿಐಯಲ್ಲಿ ಉಳಿದರು, ಗೌರಿಯಮ್ಮ ಸಿಪಿಐ(ಎಂ) ಸೇರಿದರು, ದಾಂಪತ್ಯ ಮುರಿಯಿತು. 1965ರಿಂದ ಅರೂರ್ ಕ್ಷೇತ್ರ, 1977ರ ಸೋಲೊಂದನ್ನು ಬಿಟ್ಟರೆ, ನಾಲ್ಕು ದಶಕ ಅವರನ್ನು ಕೈಬಿಡಲಿಲ್ಲ. 1987ರ ಚುನಾವಣೆಯಲ್ಲಿ ತೆಂಗಿನ ನಾಡನ್ನು ಕೆ.ಆರ್. ಗೌರಿ ಆಳುವರೆಂಬ ಅರ್ಥದ ಘೋಷಣೆ ರಾಜ್ಯದುದ್ದಕ್ಕೂ ಮೊಳಗಿತು, ಎಡರಂಗ ಗೆದ್ದಿತು. ಆದರೆ ಮುಖ್ಯಮಂತ್ರಿಯಾದವರು ಇ.ಕೆ. ನಾಯನಾರ್, ಗೌರಿಯಮ್ಮನವರಿಗೆ ಸಿಕ್ಕಿದ್ದು ಕೈಗಾರಿಕಾ ಖಾತೆ. ಅವರ ಮುಂಗೋಪ, ಯಾರಿಗೂ ಬಾಗದ ನಾಲಿಗೆ ಇದಕ್ಕೆ ಕಾರಣವೆಂದವರಿದ್ದಾರೆ. ಆದರೆ ಅದೇ ಗುಣಗಳು ಪುರುಷ ನಾಯಕರಲ್ಲಿದ್ದಾಗ ಅವನ್ನು ದೃಢತೆಯೆಂದು ಹೊಗಳಿದ ಸಮಾಜದ ಈ ವಾದಕ್ಕೆ ಹೆಚ್ಚಿನ ಬೆಲೆ ಕೊಡಲಾಗದು. 1994ರ ಆರಂಭದಲ್ಲಿ ಪಕ್ಷ ಅವರನ್ನು ಉಚ್ಚಾಟಿಸಿತು. ಅವರು ಜನಾಧಿಪತ್ಯ ಸಂರಕ್ಷಣ ಸಮಿತಿಯೆಂಬ ಸ್ವಂತ ಪಕ್ಷ ಕಟ್ಟಿ, ಜೀವಮಾನವಿಡೀ ಎದುರಿಸಿದ ಕಾಂಗ್ರೆಸ್ಸಿನ ರಂಗವನ್ನೇ ಸೇರಿ, 2001ರಿಂದ 2006ರವರೆಗೆ ಮತ್ತೆ ಸಚಿವರಾಗಿ ಕೃಷಿ ಖಾತೆ ನೋಡಿಕೊಂಡರು. 2006ರಲ್ಲಿ ಅರೂರ್, 2011ರಲ್ಲಿ ಚೇರ್ತಲ ಅವರನ್ನು ಸೋಲಿಸಿದವು. ಅವರ ಆತ್ಮಕಥೆಗೆ ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು.

ಆಲಪ್ಪುಳದ ವಲಿಯ ಚುಡುಕಾಡ್ ಸ್ಮಶಾನದಲ್ಲಿ, ಕಮ್ಯುನಿಸ್ಟ್ ಚಳವಳಿಯ ಹಿರಿಯರ ಸಮಾಧಿಗಳಿರುವ ಆವರಣದಲ್ಲಿ, ಅವರ ಅಂತ್ಯಕ್ರಿಯೆ ನಡೆಯಿತು, ಟಿ.ವಿ. ಥಾಮಸ್ ಅವರ ಸಮಾಧಿಯೂ ಅಲ್ಲೇ ಇದೆ. ಒಂಬತ್ತು ದಿನಗಳ ಬಳಿಕ, 2021ರ ಮೇ 20ರಂದು, ಪ್ರಮಾಣವಚನ ಸ್ವೀಕರಿಸಿದ ಹೊಸ ಸರ್ಕಾರದ 21 ಸಚಿವರಲ್ಲಿ ಮಹಿಳೆಯರು ಮೂವರಿದ್ದರು. 1957ರಲ್ಲಿ ಗೌರಿಯಮ್ಮ ಪ್ರವೇಶಿಸಿದ ಕೇರಳದ ಮೊದಲ ವಿಧಾನಸಭೆಯ 126 ಚುನಾಯಿತ ಸದಸ್ಯರಲ್ಲಿ ಆರು ಮಂದಿ ಮಹಿಳೆಯರಿದ್ದರು. ಅರವತ್ತನಾಲ್ಕು ವರ್ಷಗಳ ಅನಂತರ, ಅವರು ಕಣ್ಮುಚ್ಚಿದ ತಿಂಗಳಲ್ಲಿ ಸೇರಿದ ವಿಧಾನಸಭೆಯ 140 ಸದಸ್ಯರಲ್ಲಿ ಮಹಿಳೆಯರ ಸಂಖ್ಯೆ 11 ಆಗಿತ್ತು, ಮತ್ತು ಅದುವರೆಗೆ ಯಾವ ಮಹಿಳೆಯೂ ಆ ರಾಜ್ಯದ ಮುಖ್ಯಮಂತ್ರಿಯಾಗಿರಲಿಲ್ಲ.